ಖೋಡದ್: ಕಾವು ಆರುವುದನ್ನು ಕಾಯುವ ಊರು

ಅಷ್ಟವಿನಾಯಕ ಯಾತ್ರೆ ಮಾಡಿ ಬಂದ ನಮ್ಮ ಕಡೆಯ ಜನರಿಗೆ ನಾರಾಯಣಗಾಂವ್ ಅಪರಿಚಿತ ಹೆಸರೇನಲ್ಲ. ಓಝರ್‌ನ ವಿಘ್ನೇಶ್ವರ ಮತ್ತು ಲೇಣ್ಯಾದ್ರಿಯ ಗಿರಿಜಾತ್ಮಜನ ದರ್ಶನಕ್ಕೆ ಹೊರಟ ಬಸ್ಸುಗಳು ಪುಣೆ–ನಾಸಿಕ ಹೆದ್ದಾರಿಯ ಈ ಪೇಟೆಯಲ್ಲಿ ಚಹಾಕ್ಕೆ ನಿಲ್ಲುತ್ತವೆ. ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡ ಲಾರಿಗಳು, ದ್ರಾಕ್ಷಿ ತೋಟಗಳು, ಕಬ್ಬಿನ ಗದ್ದೆಗಳು, ತಮಾಷಾ ಮಂಡಳಿಗಳು ಎಲ್ಲವೂ ಇಲ್ಲುಂಟು. ಚಹಾ ಮುಗಿಸಿದ ಯಾತ್ರಿಕರು ಜುನ್ನರ್‌ನ ದಿಕ್ಕಿಗೆ ಹೊರಳುತ್ತಾರೆ. ಶಿವನೇರಿ ಕೋಟೆಯೂ ಆ ಕಡೆಗೇ ಇದೆ. ಅದರ ವಿರುದ್ಧ ದಿಕ್ಕಿಗೆ, ಪೂರ್ವಕ್ಕೆ ಹೊರಳಿ ಹದಿನೈದು ಕಿಲೋಮೀಟರಿನೊಳಗಿನ ಖೋಡದ್ ಎಂಬ ಹಳ್ಳಿಗೆ ಹೋಗುವವರು ಕಡಿಮೆ. ಆದರೆ ಜಗತ್ತಿನ ಖಗೋಳ ವಿಜ್ಞಾನಿಗಳಿಗೆ ಗೊತ್ತಿರುವುದು ಆ ಹಳ್ಳಿ! ಜಿಎಂಆರ್‌ಟಿ ಎಂದು ಕರೆಯುವ ಬೃಹತ್ ಮೀಟರ್ ತರಂಗ ರೇಡಿಯೊ ದೂರದರ್ಶಕ ಇರುವುದು ಅಲ್ಲಿ.

ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಕೊಂಡ ದಿನವದು. ಆ ಹೊತ್ತಿಗೆ ಖೋಡದ್‌ನಲ್ಲಿ ವಿಜ್ಞಾನ ಪ್ರದರ್ಶನ ನಡೆಯುತ್ತದೆ. ದೂರದರ್ಶಕವನ್ನು ಹತ್ತಿರದಿಂದ ನೋಡಲು ಜನರಿಗೆ ಅವಕಾಶ ಕೊಡುತ್ತಾರೆ. ಸುತ್ತಲಿನ ತಾಲ್ಲೂಕುಗಳ ಶಾಲೆಗಳಿಂದ ಮಕ್ಕಳು ತಾವು ಮಾಡಿದ ಮಾದರಿಗಳನ್ನು ಹೊತ್ತು ಬರುತ್ತಾರೆ. ನಮ್ಮ ಪ್ರೌಢಶಾಲೆಯ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳನ್ನು ಬಾಡಿಗೆ ಬಸ್ಸಿನಲ್ಲಿ ಕೂರಿಸಿಕೊಂಡು ಧಾರವಾಡದಿಂದ ಹೊರಟಿದ್ದು ಇದೇ ಕಾರಣಕ್ಕೆ. ಜೊತೆಗೆ ಮೂವರು ಪಾಲಕರೂ ಬಂದಿದ್ದರು. ಅವರಲ್ಲಿ ಒಬ್ಬರು ನವಲಗುಂದದ ಕಡೆಯ ರೈತರು. ಮಗಳು ಒಂಬತ್ತನೇ ತರಗತಿ. ಅಪ್ಪ-ಮಗಳು ಇಬ್ಬರೂ ಪ್ರಶ್ನೆ ಕೇಳುವುದರಲ್ಲಿ ಒಬ್ಬರಿಗಿಂತ ಒಬ್ಬರು ಮೇಲು.

ರಾತ್ರಿಯ ಪ್ರಯಾಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ ಎಲ್ಲರಿಗೂ ಗೊತ್ತಿರುವ ದಾರಿ. ಕೊಲ್ಹಾಪುರ ಬಂದಾಗ ಎಚ್ಚರವಿದ್ದ ಮಕ್ಕಳಿಗೆ ಒಂದು ಮಾತು ಹೇಳಿದೆ. ಇಲ್ಲಿಂದ ಪೂರ್ವಕ್ಕೆ, ನರಸೋಬನ ವಾಡಿಯ ಹತ್ತಿರ ಕುರುಂದವಾಡ ಎಂಬ ಊರಿದೆ. 1956ರಲ್ಲಿ ಅಲ್ಲಿ ಹುಟ್ಟಿ ನಮ್ಮ ಹುಬ್ಬಳ್ಳಿಯಲ್ಲಿ ಶಾಲೆ ಕಲಿತ ಹುಡುಗನೊಬ್ಬ ಮುಂದೆ ಜಗತ್ತಿನ ದೊಡ್ಡ ಖಗೋಳ ವಿಜ್ಞಾನಿಯಾದ. ನಾವು ನೋಡಲು ಹೊರಟಿರುವ ದೂರದರ್ಶಕದ ಕಥೆಯಲ್ಲಿ ಆತನ ಹೆಸರೂ ಬರುತ್ತದೆ ಎಂದೆ. ಯಾರೆಂದು ಹೇಳಲಿಲ್ಲ. ಕುತೂಹಲ ಉಳಿಯಲಿ ಎಂಬುದು ಮೇಷ್ಟರ ಹಳೆಯ ಉಪಾಯ.

ಹದಿನಾರು ಗುಂಟೆಯ ಬಲೆ

ಖೋಡದ್ ಹತ್ತಿರವಾದಂತೆ ಮೊದಲು ಕಾಣುವುದು ಬೋಳು ಗುಡ್ಡಗಳು. ಸುತ್ತ ಗುಡ್ಡ, ನಡುವೆ ಬಯಲು. ಈ ಜಾಗವನ್ನು ಆರಿಸಲು ಅದೂ ಒಂದು ಕಾರಣ. ಪಟ್ಟಣಗಳ ರೇಡಿಯೊ ಗದ್ದಲಕ್ಕೆ ಗುಡ್ಡಗಳೇ ಅಡ್ಡಗೋಡೆ. ಆಮೇಲೆ ಕಬ್ಬಿನ ಗದ್ದೆಯ ಆಚೆ ಒಂದು ದೊಡ್ಡ ಬುಟ್ಟಿ ಆಕಾಶಕ್ಕೆ ಬಾಯಿ ತೆರೆದು ನಿಂತಿರುವುದು ಕಾಣುತ್ತದೆ. ಅದರಾಚೆ ಇನ್ನೊಂದು. ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದವರೆಲ್ಲ ಎದ್ದು ಒಂದೇ ಕಿಟಕಿಗೆ ಮುತ್ತಿಕೊಂಡರು.

ಇಂಥ ಆಂಟೆನಾಗಳು ಒಟ್ಟು 30. ಪ್ರತಿಯೊಂದರ ವ್ಯಾಸ 45 ಮೀಟರ್. ಎರಡು ಕ್ರಿಕೆಟ್ ಪಿಚ್‌ಗಳನ್ನು ಉದ್ದಕ್ಕೆ ಜೋಡಿಸಿದರೂ ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಹದಿನಾಲ್ಕು ಆಂಟೆನಾಗಳು ಸುಮಾರು ಒಂದು ಚದರ ಕಿಲೋಮೀಟರಿನ ನಡುಬಯಲಲ್ಲಿವೆ. ಉಳಿದ ಹದಿನಾರು ಮೂರು ದಿಕ್ಕಿಗೆ ಚಾಚಿದ ತೋಳುಗಳಲ್ಲಿ, ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದಲ್ಲಿ ಹರಡಿವೆ. ಈ ಕೊನೆಯಿಂದ ಆ ಕೊನೆಗೆ ಸುಮಾರು 25 ಕಿಲೋಮೀಟರ್. ಮೂವತ್ತೂ ಒಟ್ಟಿಗೆ ಒಂದೇ ಕಡೆ ನೋಡಿದಾಗ, ಸಣ್ಣ ವಿವರಗಳನ್ನು ಬೇರ್ಪಡಿಸುವ ಮಟ್ಟಿಗೆ, 25 ಕಿಲೋಮೀಟರ್ ಅಗಲದ ಒಂದೇ ದೂರದರ್ಶಕದಂತೆ ಕೆಲಸ ಮಾಡುತ್ತವೆ.

ಹತ್ತಿರ ಹೋಗಿ ನೋಡಿದರೆ ಆಶ್ಚರ್ಯ. ಬುಟ್ಟಿಗೆ ತಗಡೇ ಇಲ್ಲ! ತೆಳ್ಳನೆಯ ಸ್ಟೀಲ್ ತಂತಿಯ ಜಾಲರಿ, ಅದನ್ನು ಹಗ್ಗದಂಥ ತಂತಿಗಳಿಂದ ಬಿಗಿದು ಬಾಗಿಸಿದ್ದಾರೆ. ಮೇಲೆ ನೋಡಿದರೆ ಅದರ ಮೂಲಕ ಮೋಡ ಕಾಣುತ್ತದೆ. ಮೀಟರಿನಷ್ಟು ಉದ್ದದ ರೇಡಿಯೊ ಅಲೆಗಳಿಗೆ ಜಾಲರಿಯ ಸಣ್ಣ ಕಿಂಡಿ ಲೆಕ್ಕಕ್ಕಿಲ್ಲ, ಅವು ಕನ್ನಡಿಗೆ ಬಡಿದಂತೆ ಬಡಿದು ಮರಳುತ್ತವೆ. ಗಾಳಿ ಮಾತ್ರ ಹಾದುಹೋಗುತ್ತದೆ. ಹೀಗಾಗಿ ಅಷ್ಟು ದೊಡ್ಡ ಬುಟ್ಟಿಯನ್ನು ಎತ್ತಿ ನಿಲ್ಲಿಸಲು ಬೇಕಾದ ಕಬ್ಬಿಣ ಕಡಿಮೆ, ಖರ್ಚೂ ಕಡಿಮೆ. ಈ ಯುಕ್ತಿ ಪ್ರೊಫೆಸರ್ ಗೋವಿಂದ ಸ್ವರೂಪ್ ಅವರದು. 1970ರಲ್ಲಿ ಊಟಿಯ ಗುಡ್ಡದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕವನ್ನು ಕಟ್ಟಿಸಿದವರೂ ಅವರೇ. 1990ರ ದಶಕದಲ್ಲಿ ಖೋಡದ್‌ನ ಈ ಕೆಲಸ ಮುಗಿಸಿದರು. 2020ರಲ್ಲಿ ತೀರಿಕೊಂಡರು. ಹಣ ಕಡಿಮೆ ಇದ್ದಾಗ ಬುದ್ಧಿಯನ್ನು ಹೆಚ್ಚು ಖರ್ಚು ಮಾಡಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಟ್ಟಡ ನಮ್ಮ ದೇಶದಲ್ಲಿ ಇನ್ನೊಂದಿದೆಯೇ ಎಂದು ನನಗೆ ಅನುಮಾನ.

ಮಕ್ಕಳಿಗೆ ಅಲ್ಲೇ ಒಂದು ಲೆಕ್ಕ ಕೊಟ್ಟೆ. ವ್ಯಾಸ 45 ಮೀಟರ್ ಇದ್ದರೆ ವೃತ್ತದ ವಿಸ್ತೀರ್ಣ ಎಷ್ಟು? ಸುಮಾರು 1590 ಚದರ ಮೀಟರ್. ನವಲಗುಂದದ ರೈತರು ಮನಸ್ಸಿನಲ್ಲೇ ಗುಂಟೆಗೆ ತಿರುಗಿಸಿದರು. “ಹದಿನಾರು ಗುಂಟೆ ಹತ್ತಿರ ಆತಲ್ರೀ ಸರ. ಹದಿನಾರು ಗುಂಟೆ ಹೊಲ ಎತ್ತಿ ಆಕಾಶಕ್ಕ ನಿಲ್ಲಿಸ್ಯಾರ!” ಮೂವತ್ತು ಸೇರಿದರೆ ಹತ್ತಿರ ಹತ್ತಿರ ಹನ್ನೆರಡು ಎಕರೆ.

‘ಕ್ಷ-ಕಿರಣ ಇಲ್ಲಿ ಬರತಾವೇನ್ರಿ?’

ಪ್ರದರ್ಶನದಲ್ಲಿ ಪಲ್ಸಾರ್‌ಗಳ ಚಿತ್ರ ನೋಡುತ್ತಿದ್ದಾಗ ರೈತರ ಮಗಳು ಕೇಳಿದಳು: “ಸರ, ಕ್ಷ-ಕಿರಣ ಇಲ್ಲಿ ಬರತಾವೇನ್ರಿ?” ಬರುವುದಿಲ್ಲವ್ವಾ ಎಂದೆ. ನಕ್ಷತ್ರಗಳಿಂದ ಬರುವ ಕ್ಷ-ಕಿರಣ ಮತ್ತು ಗಾಮಾ ಕಿರಣಗಳನ್ನು ನಮ್ಮ ವಾತಾವರಣ ಮೇಲೆಯೇ ಹೀರಿಕೊಂಡುಬಿಡುತ್ತದೆ. ಹೀರದಿದ್ದರೆ ನಾವು ಯಾರೂ ಇರುತ್ತಿರಲಿಲ್ಲ. ಆದ್ದರಿಂದ ಅವನ್ನು ನೋಡಲು ಉಪಗ್ರಹ ಬೇಕು. ಖೋಡದ್‌ಗೆ ಬರುವುದು ರೇಡಿಯೊ ಅಲೆ ಮಾತ್ರ. ಆದರೆ ಉಪಗ್ರಹಗಳು ಕ್ಷ-ಕಿರಣದಲ್ಲಿ ನೋಡಿದ ಒಂದು ಘಟನೆಯ ಇನ್ನರ್ಧ ಕಥೆಯನ್ನು ಈ ಬಯಲು ಕೇಳಿಸಿಕೊಂಡಿದೆ. ಅದನ್ನು ಹೇಳದೆ ಇಲ್ಲಿಂದ ಹೊರಡುವಂತಿಲ್ಲ ಎಂದು ಮರದ ನೆರಳಲ್ಲಿ ಎಲ್ಲರನ್ನೂ ಕೂರಿಸಿಕೊಂಡೆ. ಬುತ್ತಿ ಬಿಚ್ಚಿದರು.

ಸೂರ್ಯನಿಗಿಂತ ಬಹಳ ಭಾರವಾದ ನಕ್ಷತ್ರ ತನ್ನ ಇಂಧನ ತೀರಿದ ಮೇಲೆ ಕುಸಿಯುತ್ತದೆ, ಹೊರಭಾಗ ಸಿಡಿಯುತ್ತದೆ. ಒಳಗೆ ಉಳಿಯುವ ಗಟ್ಟಿ ಗುಂಡೇ ನ್ಯೂಟ್ರಾನ್ ನಕ್ಷತ್ರ. ಅದರ ವ್ಯಾಸ ಸುಮಾರು 20 ಕಿಲೋಮೀಟರ್, ಅಂದರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇರುವಷ್ಟು. ಅಷ್ಟರೊಳಗೆ ಸೂರ್ಯನಿಗಿಂತ ಹೆಚ್ಚು ದ್ರವ್ಯ! ಇಂಥ ಕೆಲವು ನಕ್ಷತ್ರಗಳಿಗೆ ಕಾಂತಶಕ್ತಿ ವಿಪರೀತ. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯ ಅಯಸ್ಕಾಂತದ್ದು ನೂರು ಗಾಸ್ ಆಸುಪಾಸು. ಈ ನಕ್ಷತ್ರಗಳದು ಒಂದರ ಮುಂದೆ ಹದಿನಾಲ್ಕು ಅಥವಾ ಹದಿನೈದು ಸೊನ್ನೆ. 1992ರಲ್ಲಿ ರಾಬರ್ಟ್ ಡಂಕನ್ ಮತ್ತು ಕ್ರಿಸ್ಟೋಫರ್ ಥಾಂಪ್ಸನ್ ಇಂಥವು ಇರಬಹುದೆಂದು ಕಾಗದದ ಮೇಲೆ ಲೆಕ್ಕ ಹಾಕಿ ‘ಮ್ಯಾಗ್ನೆಟಾರ್’ ಎಂದು ಹೆಸರಿಟ್ಟರು. 1998ರಲ್ಲಿ ಕ್ರಿಸಾ ಕುವೆಲಿಯೋಟು ಮತ್ತು ಸಂಗಡಿಗರು ಧನು ರಾಶಿಯ ಎಸ್‌ಜಿಆರ್ 1806-20 ಎಂಬ ನಕ್ಷತ್ರದ ತಿರುಗುವಿಕೆ ನಿಧಾನವಾಗುತ್ತಿರುವುದನ್ನು ಅಳೆದು, ಆ ಲೆಕ್ಕ ನಿಜವೆಂದು ತೋರಿಸಿದರು. ನಮ್ಮ ಕಥೆಯ ನಾಯಕನೂ ಇದೇ ನಕ್ಷತ್ರ. ಸುಮಾರು ಏಳೂವರೆ ಸೆಕೆಂಡಿಗೆ ಒಂದು ಸುತ್ತು.

2004ರ ಡಿಸೆಂಬರ್ 26ರಂದು ಸುನಾಮಿ ಬಂದದ್ದು ನಿಮ್ಮ ತಂದೆ-ತಾಯಿಗಳಿಗೆ ನೆನಪಿದೆ. ಅದರ ಸುದ್ದಿಯಲ್ಲೇ ದೇಶ ಮುಳುಗಿದ್ದಾಗ, 28ರ ಬೆಳಗಿನ ಜಾವ ಮೂರು ಗಂಟೆಗೆ, ಈ ನಕ್ಷತ್ರದಿಂದ ಹೊರಟ ಗಾಮಾ ಕಿರಣಗಳ ಅಲೆಯೊಂದು ಭೂಮಿಗೆ ಬಡಿಯಿತು. (ಎರಡಕ್ಕೂ ಸಂಬಂಧ ಕಲ್ಪಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸಂಬಂಧವಿಲ್ಲ. ಆ ಅಲೆ ನಕ್ಷತ್ರದಿಂದ ಹೊರಟದ್ದೇ ಸಾವಿರಾರು ವರ್ಷಗಳ ಹಿಂದೆ. ಭೂಮಿಯನ್ನು ಮುಟ್ಟಿದ್ದು ಸುನಾಮಿಯ ನಂತರ.) ಮುಖ್ಯ ಮಿಂಚು ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಹೊತ್ತು. ಅಷ್ಟರಲ್ಲಿ ಹೊರಬಂದ ಶಕ್ತಿಯನ್ನು ಕೊಡಲು ನಮ್ಮ ಸೂರ್ಯನಿಗೆ ಹತ್ತಾರು ಸಾವಿರ ವರ್ಷ ಬೇಕು.

ಅದು ಧನುರ್ಮಾಸ. ಸೂರ್ಯ ಧನು ರಾಶಿಯಲ್ಲಿದ್ದ, ನಕ್ಷತ್ರವೂ ಅದೇ ರಾಶಿಯಲ್ಲಿ ಸೂರ್ಯನ ಹತ್ತಿರವೇ ಇತ್ತು. ಆದ್ದರಿಂದ ನಮಗೆ ರಾತ್ರಿಯಾಗಿದ್ದಾಗ ಭೂಮಿಯೇ ನಮಗೂ ಅದಕ್ಕೂ ನಡುವೆ ಅಡ್ಡವಿತ್ತು. ಹಗಲಿದ್ದ ಶಾಂತ ಸಾಗರದ ಕಡೆ ಮೇಲಿನ ವಾತಾವರಣದ ಅಯಾನುಗೋಳ ಅಲ್ಲಾಡಿಹೋಯಿತು. ರಷ್ಯದ ಕೊರೊನಾಸ್-ಎಫ್ ಎಂಬ ಉಪಗ್ರಹವೂ ಆಗ ಭೂಮಿಯ ಮರೆಯಲ್ಲಿತ್ತು. ನೇರವಾಗಿ ಏನೂ ಕಾಣುವಂತಿರಲಿಲ್ಲ. ಆದರೂ ಅದಕ್ಕೆ ಮಿಂಚು ಸಿಕ್ಕಿತು, ಹೇಗೆ ಗೊತ್ತೇ? ಚಂದ್ರನಿಗೆ ಬಡಿದು ಮರಳಿದ ಗಾಮಾ ಕಿರಣಗಳಿಂದ! ಇಷ್ಟು ಹೇಳಿದಾಗ ಬುತ್ತಿಯ ರೊಟ್ಟಿ ಕೈಯಲ್ಲೇ ಉಳಿಯಿತು.

ರೈತರು ಸುಮ್ಮನಿರಲಿಲ್ಲ. “ಅಲ್ರೀ ಸರ, ಒಂದು ಸೆಕೆಂಡ್ ಸೈತ ಇರಲಿಲ್ಲ ಅಂದ್ರ, ಅದನ್ನ ನೋಡಿ ತಿಳಕೊಳ್ಳೂದಾದ್ರೂ ಹ್ಯಾಂಗ?”

ಹಂಚಿನ ಪಾಠ

ನನ್ನ ಮಟ್ಟಿಗೆ ಇಡೀ ಪ್ರವಾಸದ ತಿರುಳು ಈ ಪ್ರಶ್ನೆಯಲ್ಲಿತ್ತು. ಮಿಂಚು ಎಲ್ಲಿ, ಯಾವಾಗ ಹೊಡೆಯುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಆ ಗಳಿಗೆಯಲ್ಲಿ ಉಪಗ್ರಹಗಳ ಅಳತೆಗೋಲುಗಳೇ ತುಂಬಿ ಚೆಲ್ಲಿಹೋಗಿದ್ದವು. ನಕ್ಷತ್ರದ ಒಳಗಿನ ಸುದ್ದಿ ಹೆಚ್ಚಾಗಿ ಸಿಗುವುದು ಮಿಂಚಿನಿಂದಲ್ಲ, ಅದರ ನಂತರ ಉಳಿಯುವ ಕಾವಿನಿಂದ. ವಿಜ್ಞಾನಿಗಳು ಇದನ್ನು ಕ್ಷ-ಕಿರಣದ ‘ಆಫ್ಟರ್‌ಗ್ಲೋ’ ಎನ್ನುತ್ತಾರೆ. ಉಳಿಬೆಳಕು ಎನ್ನೋಣ.

ನಿಮ್ಮ ಮನೆಯಲ್ಲಿ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ನೆನಪಿಸಿಕೊಳ್ಳಿ. ಒಲೆ ಆರಿಸಿದ ಮೇಲೂ ಅದರ ಮೇಲೆ ಶೇಂಗಾ ಬಿಸಿ ಮಾಡಬಹುದು. ತೆಳು ಅಲ್ಯುಮಿನಿಯಂ ಪಾತ್ರೆಯಾದರೆ ಎರಡು ನಿಮಿಷದಲ್ಲಿ ತಣ್ಣಗೆ. ಒಲೆಯನ್ನು ನೋಡದೆಯೇ, ಬರೀ ಕೈ ಹತ್ತಿರ ಹಿಡಿದು, ಕಾವು ಎಷ್ಟು ಹೊತ್ತಿಗೆ ಆರುತ್ತದೆ ಎಂದು ಗಮನಿಸಿದರೆ ಹಂಚು ದಪ್ಪವೋ ತೆಳುವೋ, ಬಿಸಿ ಮೇಲ್ಮೈಗಷ್ಟೇ ತಗುಲಿತ್ತೋ ಒಳಗಿನವರೆಗೂ ಇಳಿದಿತ್ತೋ ಹೇಳಬಹುದು. ಮ್ಯಾಗ್ನೆಟಾರ್‌ನ ವಿಷಯದಲ್ಲೂ ಹಾಗೆಯೇ. ಕಾಂತಕ್ಷೇತ್ರದ ಬಿಗಿತ ತಾಳದೆ ನಕ್ಷತ್ರದ ಗಟ್ಟಿ ಚಿಪ್ಪು ಬಿರಿಯುತ್ತದೆ, ಆ ಚಿಪ್ಪಿನೊಳಗೆ ಶಾಖ ಸೇರುತ್ತದೆ. ಮೇಲಿನ ಪದರದ ಶಾಖ ಮೊದಲು ಹೊರಬರುತ್ತದೆ, ಆಳದ್ದು ತಡವಾಗಿ. ಅಲ್ಲಿನ ಉಷ್ಣತೆ ಲಕ್ಷಾಂತರ ಡಿಗ್ರಿ ಇರುವುದರಿಂದ ಅದು ನಮಗೆ ಕೆಂಪು ಕಾವಾಗಿ ಅಲ್ಲ, ಕ್ಷ-ಕಿರಣವಾಗಿ ಕಾಣುತ್ತದೆ.

1998ರ ಆಗಸ್ಟ್ 27ರಂದು ಎಸ್‌ಜಿಆರ್ 1900+14 ಎಂಬ ಇನ್ನೊಂದು ಮ್ಯಾಗ್ನೆಟಾರ್ ಸಿಡಿಯಿತು. ಅದರ ಗಾಮಾ ಕಿರಣಗಳು ಶಾಂತ ಸಾಗರದ ಮೇಲೆ ರಾತ್ರಿಯಿದ್ದ ಕಡೆ ಬಿದ್ದು, 85 ಕಿಲೋಮೀಟರ್ ಎತ್ತರದಲ್ಲಿದ್ದ ಅಯಾನುಗೋಳದ ಕೆಳಅಂಚನ್ನು 60ಕ್ಕೆ ತಂದವು. ಅಂದರೆ ಕೆಲವು ನಿಮಿಷ ರಾತ್ರಿ ಹಗಲಾಯಿತು, ರೇಡಿಯೊ ಅಲೆಗಳ ಪಾಲಿಗೆ. ಅದೆಲ್ಲ ನಿಮಿಷಗಳ ಮಾತು. ಆದರೆ ನಕ್ಷತ್ರದ ಕ್ಷ-ಕಿರಣ ಮೊದಲಿನ ಮಟ್ಟಕ್ಕೆ ಇಳಿಯಲು ಸುಮಾರು ನಲವತ್ತು ದಿನ ಹಿಡಿಯಿತು. ಅದೇ ವರ್ಷ ಎಚ್ಚೆತ್ತ ಎಸ್‌ಜಿಆರ್ 1627-41ರ ಕಾವು ಸುಮಾರು ಮೂರು ವರ್ಷ ಮೆಲ್ಲಗೆ ಆರುತ್ತಾ ಬಂದು ಆಮೇಲೆ ದಿಢೀರನೆ ಕುಸಿಯಿತು. ಆಳದವರೆಗೆ ಇಳಿದ ಶಾಖ ಖಾಲಿಯಾದ ಗುರುತು ಅದು ಎಂಬುದು ಒಂದು ವಿವರಣೆ. ಇನ್ನೊಂದು ವಿವರಣೆಯೂ ಇದೆ. ಸಿಡಿತದಲ್ಲಿ ನಕ್ಷತ್ರದ ಹೊರಗಿನ ಕಾಂತರೇಖೆಗಳು ಹುರಿಗೊಂಡ ಹಗ್ಗದಂತೆ ತಿರುಚಿಕೊಳ್ಳುತ್ತವೆ, ಆ ಹುರಿ ಬಿಚ್ಚಿಕೊಳ್ಳುವವರೆಗೆ ಅದರಲ್ಲಿ ಹರಿಯುವ ವಿದ್ಯುತ್ತು ಮೇಲ್ಮೈಯನ್ನು ಕಾಯಿಸುತ್ತಲೇ ಇರುತ್ತದೆ ಎಂದು. ಒಂದರಲ್ಲಿ ಒಲೆ ಆರಿದೆ, ಹಂಚು ಬಿಸಿ ಇದೆ. ಇನ್ನೊಂದರಲ್ಲಿ ಒಲೆಯಲ್ಲಿ ಕೆಂಡ ಇನ್ನೂ ಉಳಿದಿದೆ. ಎರಡೂ ಸೇರಿಯೇ ಇರಬಹುದೆಂಬುದು ನನಗೆ ಒಪ್ಪಿಗೆಯಾಗುವ ಮಾತು.

2004ರ ಸಿಡಿತಕ್ಕೆ ಬಂದರೆ, ಮಿಂಚಿನ ನಂತರ ಆರು ನಿಮಿಷಕ್ಕೂ ಹೆಚ್ಚು ಕಾಲ ಒಂದು ಬಾಲ ಉಳಿಯಿತು. ಕಾಂತರೇಖೆಗಳ ಬಲೆಯಲ್ಲಿ ಸಿಕ್ಕಿಕೊಂಡ ಬೆಂಕಿಯುಂಡೆ ನಕ್ಷತ್ರದ ಜೊತೆ ತಿರುಗುತ್ತಾ, ದೀಪಸ್ತಂಭದಂತೆ ಏಳೂವರೆ ಸೆಕೆಂಡಿಗೊಮ್ಮೆ ಹೊಳೆಯುತ್ತಾ, ಸುಮಾರು ಐವತ್ತು ಸುತ್ತು ಹಾಕಿ ಆರಿತು. ಇಂಥ ಮಿಡಿಯುವ ಬಾಲವನ್ನು ಮೊದಲು ಕಂಡದ್ದು 1979ರ ಮಾರ್ಚ್ 5ರಂದು, ಪಕ್ಕದ ಗೆಲಾಕ್ಸಿಯೊಂದರ ನಕ್ಷತ್ರದಿಂದ. ಅಷ್ಟಕ್ಕೇ 2004ರ ಕಥೆ ಮುಗಿಯಲಿಲ್ಲ. ಯುರೋಪಿನ ಇಂಟೆಗ್ರಲ್ ಉಪಗ್ರಹದಲ್ಲಿ ಮುಖ್ಯ ಉಪಕರಣವನ್ನು ಕಾಯಲು ಸುತ್ತ ಇಟ್ಟಿದ್ದ ಒಂದು ಕವಚವಿದೆ. ಆ ಕಾವಲುಗಾರನ ದಾಖಲೆ ನೋಡಿದಾಗ, ಬಾಲ ಆರಿದ ಮೇಲೆ ಇನ್ನೊಂದು ಉಬ್ಬು ಕಂಡಿತು. ಮಿಂಚಿನಿಂದ ಸುಮಾರು ಹನ್ನೆರಡು ನಿಮಿಷಕ್ಕೆ ಅದು ಏರಿ, ಒಂದು ಗಂಟೆಯ ಹೊತ್ತಿಗೆ ಕರಗಿಹೋಗಿತ್ತು. ಇದು ಚಿಪ್ಪಿನ ಕಾವಲ್ಲ. ಸಿಡಿತದಲ್ಲಿ ನಕ್ಷತ್ರದಿಂದ ಕಿತ್ತು ಹೊರಬಿದ್ದ ದ್ರವ್ಯ ಸುತ್ತಲಿನ ಅನಿಲಕ್ಕೆ ಢಿಕ್ಕಿ ಹೊಡೆದ ಬೆಳಕು ಎಂದು ಅರ್ಥ ಮಾಡಿದರು.

ಹಾಗೆ ಹೊರಬಿದ್ದದ್ದು ನಿಜವಾದರೆ ಅದು ರೇಡಿಯೊ ಅಲೆಗಳಲ್ಲೂ ಕಾಣಬೇಕು. ಖೋಡದ್‌ನ ಸರದಿ ಬಂದದ್ದು ಆಗ.

ಹುಬ್ಬಳ್ಳಿಯ ಹುಡುಗ, ಖೋಡದ್‌ನ ಬುಟ್ಟಿ

ಮಿಂಚು ಹೊಡೆದು ಏಳು ದಿನವಾಗುವ ಹೊತ್ತಿಗೆ ಅಮೆರಿಕದ ನ್ಯೂ ಮೆಕ್ಸಿಕೊದ ದೂರದರ್ಶಕ ಸಮೂಹಕ್ಕೆ ಆ ದಿಕ್ಕಿನಲ್ಲಿ ಹೊಸ ರೇಡಿಯೊ ಮೂಲವೊಂದು ಕಂಡಿತು. ಜಗತ್ತಿನ ಬೇರೆ ಬೇರೆ ದೂರದರ್ಶಕಗಳು ಆ ಕಡೆ ತಿರುಗಿದವು. ಕೆಳ ಕಂಪನಾಂಕದ, ಅಂದರೆ ಉದ್ದ ಅಲೆಗಳ ಭಾಗವನ್ನು ನೋಡಿದ್ದು ಜಿಎಂಆರ್‌ಟಿ. ವಾರಗಟ್ಟಲೆ ಆ ಉಳಿಬೆಳಕು ಮಂಕಾಗುತ್ತಾ ಹೋದುದನ್ನು ಅಳೆದರು. ಹೊರಬಿದ್ದ ದ್ರವ್ಯ ಬೆಳಕಿನ ವೇಗದ ಸುಮಾರು ಕಾಲು ಭಾಗದಷ್ಟು ವೇಗದಲ್ಲಿ ಹಿಗ್ಗುತ್ತಿದೆ ಎಂದು ಲೆಕ್ಕ ಸಿಕ್ಕಿತು.

2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧಗಳಲ್ಲಿ ಒಂದರ ಲೇಖಕರ ಪಟ್ಟಿಯಲ್ಲಿ, ಖೋಡದ್‌ನ ದತ್ತಾಂಶ ಬಳಸಿದ ಪೂನಂ ಚಂದ್ರ ಮತ್ತು ಅಲಕ್ ರೇ ಅವರ ಜೊತೆ ಇರುವ ಹೆಸರು ಎಸ್.ಆರ್. ಕುಲಕರ್ಣಿ. ಕೊಲ್ಹಾಪುರದ ಬಳಿ ನಾನು ಹೇಳದೆ ಬಿಟ್ಟಿದ್ದ ಹೆಸರು ಇದೇ. ಶ್ರೀನಿವಾಸ ಕುಲಕರ್ಣಿ. ಹುಬ್ಬಳ್ಳಿಯಲ್ಲಿ ಶಾಲೆ, ದೆಹಲಿಯ ಐಐಟಿ, ಬರ್ಕ್ಲಿಯಲ್ಲಿ ಪಿಎಚ್‌ಡಿ, ನಂತರ ಕ್ಯಾಲ್‌ಟೆಕ್‌ನಲ್ಲಿ ಪ್ರಾಧ್ಯಾಪಕ. ಲೇಖಕಿ ಸುಧಾ ಮೂರ್ತಿ ಅವರ ತಮ್ಮ ಎಂದರೆ ನಮ್ಮ ಮಕ್ಕಳಿಗೆ ಬೇಗ ಗುರುತು ಸಿಗುತ್ತದೆ. ಆದರೆ ಆತನನ್ನು ಆತನ ಕೆಲಸದಿಂದಲೇ ಗುರುತಿಸುವುದು ಒಳ್ಳೆಯದು. 1982ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಸೆಕೆಂಡಿಗೆ ಆರುನೂರಕ್ಕೂ ಹೆಚ್ಚು ಸುತ್ತು ಹಾಕುವ ಮೊದಲ ಮಿಲಿಸೆಕೆಂಡ್ ಪಲ್ಸಾರ್ ಕಂಡುಹಿಡಿದ ತಂಡದಲ್ಲಿದ್ದರು. ಎಸ್‌ಜಿಆರ್ 1806-20ರ ದಿಕ್ಕಿನ ರೇಡಿಯೊ ಮೋಡದ ಬಗ್ಗೆ 1993ರಲ್ಲೇ ಬರೆದಿದ್ದರು. 2024ರಲ್ಲಿ ಖಗೋಳ ವಿಜ್ಞಾನದ ಶಾ ಪ್ರಶಸ್ತಿ ಬಂತು. ಮ್ಯಾಗ್ನೆಟಾರ್‌ಗಳ ಸಂಶೋಧನೆಗಾಗಿ 2021ರಲ್ಲಿ ಅದೇ ಪ್ರಶಸ್ತಿ ಕುವೆಲಿಯೋಟು ಮತ್ತು ವಿಕ್ಟೋರಿಯಾ ಕ್ಯಾಸ್ಪಿ ಅವರಿಗೆ ಸಂದಿತ್ತು.

ಹತ್ತನೇ ತರಗತಿಯವರು ಆ ಪ್ರಬಂಧದ ಒಂದು ಭಾಗವನ್ನು ತಾವೇ ಮಾಡಿ ನೋಡಬಹುದು. ಈ ನಕ್ಷತ್ರ ಸುಮಾರು 50,000 ಬೆಳಕಿನ ವರ್ಷ ದೂರದಲ್ಲಿದೆ ಎಂದು ಮೊದಲು ಅಂದಾಜಿತ್ತು. ರೇಡಿಯೊ ಉಳಿಬೆಳಕು ನಮ್ಮ ಕಡೆ ಬರುವಾಗ ದಾರಿಯಲ್ಲಿರುವ ಹೈಡ್ರೋಜನ್ ಮೋಡಗಳು ಅದರ ಸ್ವಲ್ಪ ಭಾಗವನ್ನು ಹೀರುತ್ತವೆ. ಯಾವ ಮೋಡಗಳು ಹೀರಿವೆ, ಯಾವವು ಹೀರಿಲ್ಲ ಎಂದು ನೋಡಿದರೆ ದೀಪ ಯಾವ ಮೋಡದ ಹಿಂದಿದೆ, ಯಾವುದರ ಮುಂದಿದೆ ಎಂದು ತಿಳಿಯುತ್ತದೆ. ಹಾಗೆ ಲೆಕ್ಕ ಮಾಡಿದಾಗ ದೂರ 21,000ದಿಂದ 32,000 ಬೆಳಕಿನ ವರ್ಷಗಳ ನಡುವೆ ಬಂತು. ದೂರ ಅರ್ಧವಾದರೆ ಸಿಡಿತದ ಶಕ್ತಿ ಎಷ್ಟಾಗುತ್ತದೆ? ಅರ್ಧ ಎಂದವರು ವರ್ಗ ನಿಯಮವನ್ನು ಮತ್ತೊಮ್ಮೆ ಓದಿ. ನಾಲ್ಕನೇ ಒಂದು ಭಾಗ. ಆರುತ್ತಿರುವ ಕಾವನ್ನು ತಾಳ್ಮೆಯಿಂದ ನೋಡಿದ್ದರಿಂದ ಮಿಂಚಿನ ಬೆಲೆಯೇ ಬದಲಾಯಿತು.

ಮೌನದ ಬೆಲೆ

ಅಂಥ ಕ್ಷೀಣ ಸದ್ದು ಕೇಳಬೇಕಾದರೆ ಸುತ್ತ ಗದ್ದಲ ಇರಬಾರದು. ಪ್ರವೇಶದಲ್ಲೇ ಮೊಬೈಲ್ ಆರಿಸಲು ಹೇಳುತ್ತಾರೆ. ಚಂದ್ರನ ಮೇಲೆ ಒಂದು ಮೊಬೈಲ್ ಇಟ್ಟು ಮಾತಾಡಿದರೆ, ಅದರ ಕಂಪನಾಂಕದಲ್ಲಿ ಅದು ಆಕಾಶದ ಅತಿ ಪ್ರಖರ ರೇಡಿಯೊ ಮೂಲಗಳಲ್ಲಿ ಒಂದಾಗಿ ಕಾಣುತ್ತದೆ. ಜೇಬಿನಲ್ಲಿದ್ದರೆ ಹೇಗಿರಬೇಕು, ಊಹಿಸಿ. ವೆಲ್ಡಿಂಗ್ ಕಿಡಿ, ಸ್ಕೂಟರಿನ ಪ್ಲಗ್ಗು, ಕೆಟ್ಟ ವಿದ್ಯುತ್ ತಂತಿ ಎಲ್ಲವೂ ರೇಡಿಯೊ ಗದ್ದಲ ಮಾಡುತ್ತವೆ.

ಗದ್ದಲ ತಪ್ಪಿಸಲು ಈ ಪ್ರದೇಶದಲ್ಲಿ ಕಾರ್ಖಾನೆಗಳಿಗೆ ನಿರ್ಬಂಧವಿದೆ. ಚಹಾದ ಅಂಗಡಿಯಲ್ಲಿ ಕುಳಿತಿದ್ದ ವಯಸ್ಸಾದ ಕಬ್ಬಿನ ರೈತರೊಬ್ಬರನ್ನು ನನ್ನ ಹರಕು ಮರಾಠಿಯಲ್ಲಿ ಮಾತಾಡಿಸಿದೆ. ದೂರದರ್ಶಕದ ಬಗ್ಗೆ ಅವರಿಗೆ ಹೆಮ್ಮೆಯಿದೆ, ಮೊಮ್ಮಕ್ಕಳನ್ನು ಪ್ರತಿ ವರ್ಷ ಪ್ರದರ್ಶನಕ್ಕೆ ಕರೆತರುತ್ತಾರೆ. ಆದರೆ ಮಗ ಕೆಲಸಕ್ಕೆ ಚಾಕಣ್‌ನ ಕಾರ್ಖಾನೆಗೆ ಹೋಗಬೇಕು, ಊರಲ್ಲಿ ಏನೂ ಬರುವುದಿಲ್ಲ ಎಂದರು. ಪುಣೆ–ನಾಸಿಕ ನಡುವೆ ಯೋಜಿಸಿದ್ದ ಅರೆ-ಅತಿವೇಗದ ರೈಲು ಮಾರ್ಗದ್ದೂ ಇದೇ ಕಥೆ. ನಾರಾಯಣಗಾಂವ್ ಹತ್ತಿರ ಹಾಯುವುದಿದ್ದ ಆ ಮಾರ್ಗ ದೂರದರ್ಶಕಕ್ಕೆ ತೊಂದರೆ ಎಂಬ ಆಕ್ಷೇಪ ಬಂದು, 2025ರ ಹೊತ್ತಿಗೆ ಮಾರ್ಗವನ್ನೇ ಬದಲಿಸುವ ಮಾತಾಯಿತು. ಇಲ್ಲಿನ ಜನ ಸಿಟ್ಟಾದರು. ಅವರ ಸಿಟ್ಟನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಜಗತ್ತಿಗೆಲ್ಲ ಬೇಕಾದ ಮೌನದ ಬಾಡಿಗೆಯನ್ನು ಒಂದು ತಾಲ್ಲೂಕು ಕಟ್ಟುತ್ತಿದೆ. ಹಾಗೆಂದು ಗದ್ದಲ ಬಂದರೆ ಬರಲಿ ಎನ್ನಲೂ ಆಗದು. ಇಂಥ ಬುಟ್ಟಿಗಳನ್ನು ಕಿತ್ತು ಬೇರೆಡೆ ನೆಡುವುದು ಸಾಧ್ಯವಿಲ್ಲ, ಮುಂದಿನ ಮಿಂಚು ಯಾವಾಗ ಎಂಬುದೂ ಗೊತ್ತಿಲ್ಲ. ಮೌನ ಉಳಿಸಿಕೊಂಡೇ ಈ ಊರ ಮಕ್ಕಳಿಗೆ ಕೆಲಸ ಕೊಡುವ ದಾರಿ ಹುಡುಕುವುದು ಸರ್ಕಾರದ ಜವಾಬ್ದಾರಿ. ಅದು ಆಂಟೆನಾ ಕಟ್ಟಿದಷ್ಟು ಕಷ್ಟವೇನಲ್ಲ.

ಮೌನ ಉಳಿದದ್ದಕ್ಕೆ ಫಲವೂ ಇದೆ. ಎಕ್ಸ್‌ಟಿಇ ಜೆ1810-197 ಎಂಬ ಮ್ಯಾಗ್ನೆಟಾರ್ ಹಲವು ವರ್ಷ ಸುಮ್ಮನಿದ್ದು 2018ರ ಡಿಸೆಂಬರ್‌ನಲ್ಲಿ ಎಚ್ಚೆತ್ತಾಗ, ಅದರ ರೇಡಿಯೊ ಸಿಡಿತಗಳನ್ನು ನವೀಕರಿಸಿದ ಜಿಎಂಆರ್‌ಟಿಯಿಂದ ನೋಡಿ ಅಧ್ಯಯನ ಮಾಡಿದ್ದಾರೆ.

ಮರಳುವಾಗ ಬಸ್ಸಿನಲ್ಲಿ ನವಲಗುಂದದವರು ನನ್ನ ಪಕ್ಕ ಬಂದು ಕುಳಿತರು. “ಸರ, ಅಲ್ಲಿ ಕೆಲಸಾ ಮಾಡೋರು ಏನ್ ಕಲ್ತಿರ್ತಾರ್ರಿ?” ಮಗಳನ್ನು ವೈದ್ಯಕೀಯ ಪರೀಕ್ಷೆಯ ತರಬೇತಿಗೆ ಹಾಕಬೇಕೆಂದು ಹಣ ಹೊಂದಿಸುತ್ತಿದ್ದವರು ಅವರು. ಪಾಲಕರು ಕೇಳುವ ಈ ಪ್ರಶ್ನೆಗೆ ನೇರವಾಗಿಯೇ ಉತ್ತರಿಸಬೇಕು. ವಿಜ್ಞಾನಿಗಳಾಗುವವರು ಸಾಮಾನ್ಯವಾಗಿ ಭೌತಶಾಸ್ತ್ರದಲ್ಲಿ ಬಿಎಸ್ಸಿ, ಎಮ್ಮೆಸ್ಸಿ ಮಾಡಿ ಪಿಎಚ್‌ಡಿಗೆ ಹೋಗುತ್ತಾರೆ. ಎಂಜಿನಿಯರಿಂಗ್ ಓದಿ ಬಂದವರೂ ಇದ್ದಾರೆ. ಕಾಲೇಜು ವಿದ್ಯಾರ್ಥಿಗಳಿಗೆ ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರ ನಡೆಸುವ ಸಂದರ್ಶಕ ವಿದ್ಯಾರ್ಥಿ ಕಾರ್ಯಕ್ರಮವಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಖಗೋಳಶಾಸ್ತ್ರದ ಜಂಟಿ ಕಾರ್ಯಕ್ರಮವಿದೆ. ಆಂಟೆನಾ ತಿರುಗಿಸುವ ಮೋಟಾರು, ರಿಸೀವರು, ಕೇಬಲ್ ನೋಡಿಕೊಳ್ಳಲು ಡಿಪ್ಲೊಮಾ ಮತ್ತು ಐಟಿಐ ಕಲಿತವರೂ ಬೇಕು. “ಪಗಾರ?” ಎಂದರು. ಡಾಕ್ಟರಷ್ಟು ಇಲ್ಲ, ಮೇಷ್ಟರಿಗಿಂತ ಕಡಿಮೆ ಇಲ್ಲ ಎಂದೆ. ಅವರು ಮಗಳ ಕಡೆ ನೋಡಿದರು. ಅವಳು ಗೆಳತಿಗೆ ಚಂದ್ರನಿಂದ ಮರಳಿದ ಗಾಮಾ ಕಿರಣದ ಕಥೆಯನ್ನು ತನ್ನದೇ ರೀತಿಯಲ್ಲಿ ಹೇಳುತ್ತಿದ್ದಳು.

ಕ್ಷ-ಕಿರಣದ ಕೆಲಸಕ್ಕೆ ಮಹಾರಾಷ್ಟ್ರದವರೆಗೂ ಹೋಗಬೇಕಿಲ್ಲ ಎಂಬುದನ್ನೂ ಅವರಿಗೆ ಹೇಳಿದೆ. 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹದ ಮಾಹಿತಿ ಬಂದು ಸೇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳು ಕೇಂದ್ರಕ್ಕೆ. 2020ರ ಅಕ್ಟೋಬರ್‌ನಲ್ಲಿ ಪತ್ತೆಯಾದ ಒಂದು ಮ್ಯಾಗ್ನೆಟಾರ್ ಅನ್ನು ಅದು ನೋಡಿ 67 ಪುಟ್ಟ ಸಿಡಿತಗಳನ್ನು ಹಿಡಿಯಿತು. ಸರಾಸರಿ ಒಂದೊಂದೂ 33 ಮಿಲಿಸೆಕೆಂಡ್. ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ಅದನ್ನು ಅಧ್ಯಯನ ಮಾಡಿದವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರಿದ್ದರು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣವನ್ನು ತಯಾರಿಸಿದ್ದೂ ಅದೇ ಸಂಸ್ಥೆ.

ಹೋಗಬೇಕೆನ್ನುವವರಿಗೆ: ಪುಣೆಯಿಂದ ನಾರಾಯಣಗಾಂವ್ ಉತ್ತರಕ್ಕೆ ಸುಮಾರು 80 ಕಿಲೋಮೀಟರ್, ಚಾಕಣ್, ರಾಜಗುರುನಗರ, ಮಂಚರ್ ದಾಟಿ ಬರುತ್ತದೆ. ನಾಸಿಕ ಕಡೆಯ ಬಸ್ಸುಗಳೆಲ್ಲ ಆ ದಾರಿಯಲ್ಲೇ ಹೋಗುತ್ತವೆ. ವಿಜ್ಞಾನ ದಿನದ ಪ್ರದರ್ಶನಕ್ಕೆ ಶಾಲೆಯ ತಂಡ ಹೋಗುವುದಾದರೆ ಮೊದಲೇ ಪತ್ರ ಬರೆದು ತಿಳಿಸುವುದು ಒಳ್ಳೆಯದು. ಫೆಬ್ರುವರಿಯ ಕೊನೆಗೆ ಅಲ್ಲಿ ಬಿಸಿಲು ಜೋರು, ನೆರಳು ಕಡಿಮೆ. ಟೋಪಿ, ನೀರು ಇರಲಿ. ವಿವರಣೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿರುತ್ತದೆ, ಆದ್ದರಿಂದ ಜೊತೆಗೆ ಹೋಗುವ ಶಿಕ್ಷಕರು ಒಂದು ದಿನ ಮುಂಚೆ ಮಕ್ಕಳಿಗೆ ವಿಷಯ ಹೇಳಿಟ್ಟರೆ ಅನುಕೂಲ. ಊಟ ನಾರಾಯಣಗಾಂವ್‌ನಲ್ಲೇ ಮುಗಿಸಿಕೊಳ್ಳಿ, ಇಲ್ಲವೇ ನಮ್ಮ ಹಾಗೆ ಬುತ್ತಿ ಒಯ್ಯಿರಿ. ಹೊತ್ತಿದ್ದರೆ ಬರುವಾಗ ಓಝರ್‌ನ ಗಣಪತಿಯನ್ನೂ ನೋಡಿ ಬರಬಹುದು.